ಹೆಸರಿನ ಅಜ್ಞಾತವಾಸ

1957ರ ಮಾರ್ಚ್ 27ರ ರಾತ್ರಿ. ಹಾಲಿವುಡ್‌ನಲ್ಲಿ ಆಸ್ಕರ್ ಪ್ರಶಸ್ತಿ ಸಮಾರಂಭ ನಡೆದಿತ್ತು. ‘ದಿ ಬ್ರೇವ್ ಒನ್’ ಎಂಬ ಚಿತ್ರದ ಕಥೆಗೆ ಪ್ರಶಸ್ತಿ ಬಂದಿದೆ ಎಂದು ವೇದಿಕೆಯಿಂದ ಪ್ರಕಟಿಸಿದರು. ಮೆಕ್ಸಿಕೊದ ಒಬ್ಬ ಬಡ ಹುಡುಗ, ಅವನು ಪ್ರೀತಿಯಿಂದ ಸಾಕಿದ ಹೋರಿ, ಇವರಿಬ್ಬರ ಕಥೆ ಅದು. ಬರೆದವನ ಹೆಸರು ರಾಬರ್ಟ್ ರಿಚ್. ಜನ ಚಪ್ಪಾಳೆ ತಟ್ಟಿ ಕಾದರು. ಯಾರೂ ಎದ್ದು ಬರಲಿಲ್ಲ. ಕೊನೆಗೆ ಚಿತ್ರಕಥೆಗಾರರ ಸಂಘದ ಪರವಾಗಿ ಜೆಸ್ಸಿ ಲ್ಯಾಸ್ಕಿ ಜೂನಿಯರ್ ವೇದಿಕೆ ಹತ್ತಿದ. ರಿಚ್‌ನ ಹೆಂಡತಿಗೆ ಹೆರಿಗೆಯ ಸಮಯ, ಆತ ಅವಳ ಬಳಿ ಇದ್ದಾನೆ ಎಂದು ಹೇಳಿ ಬಂಗಾರ ಬಣ್ಣದ ಪ್ರತಿಮೆಯನ್ನು ಅವನೇ ಸ್ವೀಕರಿಸಿದ.

ಆಮೇಲೆ ಸಂಘದ ಕಡತಗಳನ್ನು ತೆಗೆದು ನೋಡಿದರೆ ಆ ಹೆಸರಿನ ಸದಸ್ಯನೇ ಇರಲಿಲ್ಲ. ಹೆರಿಗೆಯಾಗಬೇಕಾದ ಹೆಂಡತಿಯೂ ಇರಲಿಲ್ಲ. ಪತ್ರಿಕೆಯವರು ರಿಚ್‌ನನ್ನು ಹುಡುಕಲು ಹೊರಟರು. ಅವನು ಸಿಗುವಂತೆಯೂ ಇರಲಿಲ್ಲ. ಚಿತ್ರದ ನಿರ್ಮಾಪಕರು ತಮ್ಮ ಸೋದರಳಿಯನೊಬ್ಬನ ಹೆಸರನ್ನು ಎತ್ತಿ ಕಥೆಗಾರನ ಜಾಗದಲ್ಲಿ ಹಾಕಿದ್ದರು. ಕಥೆ ಬರೆದವನು ಅದೇ ಲಾಸ್ ಏಂಜಲೀಸ್ ನಗರದ ಒಂದು ಮನೆಯಲ್ಲಿ, ಸ್ನಾನದ ತೊಟ್ಟಿಯಲ್ಲಿ ಕುಳಿತು, ಅಡ್ಡ ಹಲಗೆಯ ಮೇಲೆ ಕಾಗದ ಇಟ್ಟುಕೊಂಡು ಮತ್ತೊಂದು ಚಿತ್ರಕ್ಕೆ ಬರೆಯುವವನು. ಅವನ ಹೆಸರು ಡಾಲ್ಟನ್ ಟ್ರಂಬೊ. ಹತ್ತು ವರ್ಷಗಳ ಹಿಂದೆ ಹಾಲಿವುಡ್‌ನಲ್ಲಿ ಅತಿ ಹೆಚ್ಚು ಸಂಭಾವನೆ ಪಡೆಯುತ್ತಿದ್ದ ಚಿತ್ರಕಥೆಗಾರರಲ್ಲಿ ಒಬ್ಬ. ಈಗ ಅವನ ಹೆಸರನ್ನು ತೆರೆಯ ಮೇಲೆ ಹಾಕುವ ಧೈರ್ಯ ಯಾವ ನಿರ್ಮಾಪಕನಿಗೂ ಇರಲಿಲ್ಲ.

ಟ್ರಂಬೊ ಹಾಲಿವುಡ್‌ಗೆ ಮರಳಿದ ಕಥೆಯನ್ನು ಸಾಮಾನ್ಯವಾಗಿ ಒಬ್ಬ ನಟ ಅಥವಾ ಒಬ್ಬ ನಿರ್ದೇಶಕ ತೋರಿದ ಧೈರ್ಯದ ಕಥೆಯಾಗಿ ಹೇಳುತ್ತಾರೆ. ಅದು ಅರ್ಧ ಸತ್ಯ. ಅವನ ಕೆಲಸ ಹಾಲಿವುಡ್ಡನ್ನು ಬಿಟ್ಟು ಹೋಗಿದ್ದೇ ಇಲ್ಲ. ಹೋಗಿದ್ದು ಹೆಸರು ಮಾತ್ರ. ಆ ಹೆಸರನ್ನು ಹೊರಗಿಟ್ಟು ಕೆಲಸವನ್ನು ಮಾತ್ರ ಅಗ್ಗದ ದರಕ್ಕೆ ಕೊಳ್ಳುವ ವ್ಯಾಪಾರ ಹದಿಮೂರು ವರ್ಷ ನಡೆಯಿತು. ಅದು ಹೇಗೆ ನಡೆಯಿತು, ಹೇಗೆ ಮುರಿಯಿತು ಎಂಬುದೇ ಇಲ್ಲಿ ತಿಳಿಯಬೇಕಾದ ಸಂಗತಿ.

ಬೇಕರಿಯಿಂದ ಸ್ಟುಡಿಯೊಗೆ

ಟ್ರಂಬೊ ಹುಟ್ಟಿದ್ದು 1905ರಲ್ಲಿ, ಅಮೆರಿಕದ ಕೊಲೊರಾಡೊ ರಾಜ್ಯದ ಮಾಂಟ್‌ರೋಸ್ ಎಂಬ ಊರಿನಲ್ಲಿ. ಬೆಳೆದದ್ದು ಅಲ್ಲಿಗೆ ಸಮೀಪದ ಗ್ರ್ಯಾಂಡ್ ಜಂಕ್ಷನ್‌ನಲ್ಲಿ. ಕುಟುಂಬ ಲಾಸ್ ಏಂಜಲೀಸ್‌ಗೆ ಬಂದ ಸ್ವಲ್ಪ ಕಾಲದಲ್ಲೇ ತಂದೆ ತೀರಿಕೊಂಡ. ತಾಯಿಯನ್ನೂ ತಂಗಿಯರನ್ನೂ ಸಾಕುವ ಭಾರ ಹುಡುಗನ ಹೆಗಲಿಗೆ ಬಿತ್ತು. ಒಂದು ದೊಡ್ಡ ಬೇಕರಿಯಲ್ಲಿ ರಾತ್ರಿ ಪಾಳಿಯ ಕೆಲಸ ಹಿಡಿದ. ಕೆಲವು ತಿಂಗಳ ಮಟ್ಟಿಗೆ ಎಂದುಕೊಂಡದ್ದು ಎಂಟೊಂಬತ್ತು ವರ್ಷ ಎಳೆಯಿತು. ರಾತ್ರಿಯೆಲ್ಲ ಬ್ರೆಡ್ಡಿನ ಕೆಲಸ, ಹಗಲು ಬರವಣಿಗೆ. ಬರೆದ ಕಥೆ, ಕಾದಂಬರಿಗಳು ಒಂದಾದ ಮೇಲೊಂದು ತಿರಸ್ಕೃತವಾಗಿ ವಾಪಸಾಗುತ್ತಿದ್ದವು.

1930ರ ದಶಕದ ನಡುವಿನಲ್ಲಿ ವಾರ್ನರ್ ಬ್ರದರ್ಸ್ ಸ್ಟುಡಿಯೊದಲ್ಲಿ ಕಿರಿಯ ಬರಹಗಾರನ ಕೆಲಸ ಸಿಕ್ಕಿತು. ಅಲ್ಲಿಂದ ಮುಂದೆ ಏರಿದ ವೇಗ ಅಚ್ಚರಿಯದು. 1939ರಲ್ಲಿ ‘ಜಾನಿ ಗಾಟ್ ಹಿಸ್ ಗನ್’ ಎಂಬ ಯುದ್ಧವಿರೋಧಿ ಕಾದಂಬರಿ ಪ್ರಕಟವಾಯಿತು. ಮೊದಲ ಮಹಾಯುದ್ಧದಲ್ಲಿ ಕೈ, ಕಾಲು, ಮುಖ ಎಲ್ಲವನ್ನೂ ಕಳೆದುಕೊಂಡು, ಪ್ರಜ್ಞೆ ಮಾತ್ರ ಉಳಿಸಿಕೊಂಡ ಸೈನಿಕನೊಬ್ಬನ ಕಥೆ ಅದು. 1940ರ ‘ಕಿಟಿ ಫಾಯ್ಲ್’ ಚಿತ್ರಕಥೆ ಆಸ್ಕರ್ ನಾಮನಿರ್ದೇಶನ ಪಡೆಯಿತು. ಅದರ ನಾಯಕಿ ಜಿಂಜರ್ ರಾಜರ್ಸ್‌ಗೆ ಶ್ರೇಷ್ಠ ನಟಿ ಪ್ರಶಸ್ತಿ ಬಂತು. 1940ರ ದಶಕದ ನಡುವಿನ ಹೊತ್ತಿಗೆ ಎಂಜಿಎಂ ಸ್ಟುಡಿಯೊ ಅವನಿಗೆ ವಾರಕ್ಕೆ 3,000 ಡಾಲರ್ ಅಥವಾ ಚಿತ್ರಕಥೆಯೊಂದಕ್ಕೆ 75,000 ಡಾಲರ್ ಕೊಡುವ ಒಪ್ಪಂದ ಮಾಡಿಕೊಂಡಿತ್ತು.

ಇದೇ ಕಾಲದಲ್ಲಿ, 1943ರಲ್ಲಿ, ಟ್ರಂಬೊ ಅಮೆರಿಕದ ಕಮ್ಯುನಿಸ್ಟ್ ಪಕ್ಷವನ್ನು ಸೇರಿದ. ಆಗ ಅದು ಅಪರಾಧವಾಗಿರಲಿಲ್ಲ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಒಂದೇ ಪಾಳೆಯದಲ್ಲಿ ನಿಂತು ಹಿಟ್ಲರನ ವಿರುದ್ಧ ಹೋರಾಡುತ್ತಿದ್ದ ವರ್ಷಗಳು ಅವು. ಯುದ್ಧ ಮುಗಿಯಿತು, ಪಾಳೆಯ ಒಡೆಯಿತು. ನಿನ್ನೆಯ ಗೆಳೆಯ ಇಂದಿನ ವೈರಿಯಾದ. ಶೀತಲ ಸಮರದ ಈ ಹೊಸ ಹವೆಯಲ್ಲಿ ಹಳೆಯ ಸದಸ್ಯತ್ವದ ಚೀಟಿ ಬಾಂಬಿನಂತೆ ಕಾಣತೊಡಗಿತು.

ಪ್ರಶ್ನೆ ಒಂದೇ

ಅಮೆರಿಕದ ಸಂಸತ್ತಿನ ಕೆಳಮನೆಗೆ ‘ಅಮೆರಿಕ ವಿರೋಧಿ ಚಟುವಟಿಕೆಗಳ ಸಮಿತಿ’ ಎಂಬ ಒಂದು ಸಮಿತಿ ಇತ್ತು. ಅದರ ಅಧ್ಯಕ್ಷ ಜೆ. ಪಾರ್ನೆಲ್ ಥಾಮಸ್. ಸಿನಿಮಾ ಎಂದರೆ ಪತ್ರಿಕೆಗಳಲ್ಲಿ ದೊಡ್ಡ ಅಕ್ಷರದ ಸುದ್ದಿ ಎಂಬುದನ್ನು ಸಮಿತಿ ಚೆನ್ನಾಗಿ ಅರಿತಿತ್ತು. 1947ರ ಅಕ್ಟೋಬರ್‌ನಲ್ಲಿ ಅದು ಹಾಲಿವುಡ್ಡಿನವರನ್ನು ವಾಷಿಂಗ್ಟನ್‌ಗೆ ಕರೆಸಿ ವಿಚಾರಣೆ ನಡೆಸಿತು.

ಸಾಕ್ಷ್ಯ ಯಾವ ಮಟ್ಟದಲ್ಲಿತ್ತು ಎಂಬುದಕ್ಕೆ ಒಂದು ಉದಾಹರಣೆ ಸಾಕು. ಟ್ರಂಬೊ ಬರೆದ ‘ಟೆಂಡರ್ ಕಾಮ್ರೇಡ್’ ಚಿತ್ರದಲ್ಲಿ, ಗಂಡಂದಿರು ಯುದ್ಧಕ್ಕೆ ಹೋಗಿರುವ ಕೆಲವು ಹೆಂಗಸರು ಒಂದೇ ಮನೆಯಲ್ಲಿ ಸೇರಿ ಬಾಳುತ್ತಾರೆ. ಇದ್ದದ್ದನ್ನು ಸಮನಾಗಿ ಹಂಚಿಕೊಳ್ಳುವುದೇ ಪ್ರಜಾಪ್ರಭುತ್ವ ಎಂಬ ಅರ್ಥದ ಮಾತೊಂದು ಅದರಲ್ಲಿ ಬರುತ್ತದೆ. ಜಿಂಜರ್ ರಾಜರ್ಸ್‌ಳ ತಾಯಿ, ತನ್ನ ಮಗಳ ಬಾಯಿಂದ ಕಮ್ಯುನಿಸ್ಟ್ ಪ್ರಚಾರದ ಈ ಮಾತನ್ನು ಆಡಿಸಲು ಹೊರಟಿದ್ದರೆಂದು ದೂರಿದಳು. ಅಮೆರಿಕದ ಸರ್ಕಾರವನ್ನು ಉರುಳಿಸುವ ಸಂಚಿಗೆ ಇಂತಹವು ಪುರಾವೆಗಳಾದವು.

ಸಮಿತಿಯ ಪ್ರಶ್ನೆ ಒಂದೇ: ನೀವು ಕಮ್ಯುನಿಸ್ಟ್ ಪಕ್ಷದ ಸದಸ್ಯರೆ, ಅಥವಾ ಹಿಂದೆ ಎಂದಾದರೂ ಆಗಿದ್ದಿರಾ? ಅಕ್ಟೋಬರ್ 28ರಂದು ಟ್ರಂಬೊನ ಸರದಿ ಬಂತು. ಆತ ತನ್ನ ಸುಮಾರು 20 ಚಿತ್ರಕಥೆಗಳನ್ನು ಹೊತ್ತು ತಂದಿದ್ದ. ಇವುಗಳನ್ನು ಓದಿ, ಆಕ್ಷೇಪಾರ್ಹವಾದದ್ದು ಎಲ್ಲಿದೆ ತೋರಿಸಿ ಎಂಬುದು ಅವನ ವಾದ. ಸಮಿತಿಗೆ ಓದುವ ಆಸಕ್ತಿ ಇರಲಿಲ್ಲ, ಪುಟಗಳು ಬಹಳ ಎಂದು ತಳ್ಳಿಹಾಕಿತು. ಆತ ಪ್ರಶ್ನೆಗೆ ‘ಹೌದು’ ಎನ್ನಲಿಲ್ಲ, ‘ಇಲ್ಲ’ ಎನ್ನಲೂ ಇಲ್ಲ. ಪ್ರಜೆಯೊಬ್ಬನ ರಾಜಕೀಯ ನಂಬಿಕೆಯನ್ನು ಕೇಳುವ ಅಧಿಕಾರವೇ ಸಂಸತ್ತಿಗಿಲ್ಲ, ಸಂವಿಧಾನದ ಮೊದಲ ತಿದ್ದುಪಡಿ ಅದನ್ನು ತಡೆಯುತ್ತದೆ ಎಂಬುದು ಅವನ ಮತ್ತು ಅವನ ಸಂಗಡಿಗರ ನಿಲುವಾಗಿತ್ತು. ಹೀಗೆ ಉತ್ತರಿಸಲು ಒಪ್ಪದ ಹತ್ತು ಮಂದಿಗೆ ‘ಹಾಲಿವುಡ್ ಟೆನ್’ ಎಂಬ ಹೆಸರು ಬಂತು. ನವೆಂಬರ್ 24ರಂದು ಕೆಳಮನೆ ಇವರ ಮೇಲೆ ಸಂಸತ್ತಿನ ನಿಂದನೆಯ ಆರೋಪ ಹೊರಿಸಿತು.

ಸ್ಟುಡಿಯೊ ಮಾಲೀಕರು ಅದೇ ದಿನಗಳಲ್ಲಿ ನ್ಯೂಯಾರ್ಕ್‌ನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನಲ್ಲಿ ಸೇರಿದ್ದರು. ಅಲ್ಲಿ ಹೊರಬಿದ್ದ ಹೇಳಿಕೆಯ ತಿರುಳು ಇಷ್ಟು: ಈ ಹತ್ತು ಮಂದಿಗೆ ಕೆಲಸವಿಲ್ಲ, ಇನ್ನು ಮುಂದೆ ಯಾವ ಕಮ್ಯುನಿಸ್ಟನನ್ನೂ ಗೊತ್ತಿದ್ದೂ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ‘ಗೊತ್ತಿದ್ದೂ’ ಎಂಬ ಈ ಪದವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಹದಿಮೂರು ವರ್ಷಗಳ ವ್ಯಾಪಾರವೆಲ್ಲ ಈ ಪದದ ಸಂದಿಯಲ್ಲೇ ನುಸುಳಿತು.

ಜೈಲು, ಮೆಕ್ಸಿಕೊ

ಸುಪ್ರೀಂ ಕೋರ್ಟಿನಲ್ಲಿ ಗೆಲ್ಲುತ್ತೇವೆ ಎಂದು ಹತ್ತು ಮಂದಿಯೂ ನಂಬಿದ್ದರು. ಆದರೆ 1949ರ ಬೇಸಿಗೆಯಲ್ಲಿ, ಉದಾರವಾದಿಗಳೆಂದು ಹೆಸರಾಗಿದ್ದ ಇಬ್ಬರು ನ್ಯಾಯಮೂರ್ತಿಗಳು ತೀರಿಕೊಂಡರು. 1950ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಮೇಲ್ಮನವಿಯನ್ನು ಕೇಳಲು ನಿರಾಕರಿಸಿತು. ಟ್ರಂಬೊಗೆ ಒಂದು ವರ್ಷ ಸಜೆ, 1,000 ಡಾಲರ್ ದಂಡ. ಕೆಂಟಕಿ ರಾಜ್ಯದ ಆಶ್‌ಲ್ಯಾಂಡ್ ಜೈಲಿನಲ್ಲಿ ಆತ ಸುಮಾರು ಹತ್ತು ತಿಂಗಳು ಕಳೆದ.

ಈ ಪ್ರಕರಣದಲ್ಲಿ ವಿಧಿಯ ಒಂದು ಕುಚೋದ್ಯವೂ ಇದೆ. ವಿಚಾರಣೆ ನಡೆಸಿದ ಪಾರ್ನೆಲ್ ಥಾಮಸ್, ಕೆಲಸ ಮಾಡದವರ ಹೆಸರನ್ನು ಸಂಬಳದ ಪಟ್ಟಿಯಲ್ಲಿ ಸೇರಿಸಿ ಹಣ ಹೊಡೆದದ್ದು ಸಾಬೀತಾಗಿ ತಾನೂ ಜೈಲಿಗೆ ಹೋದ. ಕನೆಕ್ಟಿಕಟ್‌ನ ಡ್ಯಾನ್‌ಬರಿ ಜೈಲಿನಲ್ಲಿ ಅವನು, ಅವನೇ ಅಲ್ಲಿಗೆ ಕಳಿಸಿದ್ದ ಹಾಲಿವುಡ್ ಟೆನ್‌ನ ರಿಂಗ್ ಲಾರ್ಡ್ನರ್ ಜೂನಿಯರ್ ಮತ್ತು ಲೆಸ್ಟರ್ ಕೋಲ್ ಇಬ್ಬರ ಜೊತೆಗೇ ಶಿಕ್ಷೆ ಅನುಭವಿಸಿದ.

ಸಜೆ ಮುಗಿಸಿ ಬಂದವರ ಮುಂದೆ ಎರಡು ದಾರಿಗಳಿದ್ದವು. ಮೊದಲನೆಯ ದಾರಿಯನ್ನು ಹಿಡಿದವನು ‘ಟೆಂಡರ್ ಕಾಮ್ರೇಡ್’ ನಿರ್ದೇಶಿಸಿದ್ದ ಎಡ್ವರ್ಡ್ ಡಿಮಿಟ್ರಿಕ್. ಆತನೂ ಹತ್ತರಲ್ಲಿ ಒಬ್ಬ. 1951ರಲ್ಲಿ ಮತ್ತೆ ಸಮಿತಿಯ ಮುಂದೆ ಹೋಗಿ, ತಾನು ಪಕ್ಷದಲ್ಲಿದ್ದುದನ್ನು ಒಪ್ಪಿಕೊಂಡು, ಜೊತೆಯಲ್ಲಿದ್ದವರ ಹೆಸರುಗಳನ್ನು ಹೇಳಿದ. ಬಾಗಿಲು ತೆರೆಯಿತು, 1954ರಲ್ಲಿ ‘ದಿ ಕೇನ್ ಮ್ಯೂಟಿನಿ’ಯಂಥ ದೊಡ್ಡ ಚಿತ್ರ ಅವನ ಹೆಸರಿನಲ್ಲೇ ಬಂತು. ತನ್ನ ಹೆಸರು ಮರಳಿ ಬೇಕಾದರೆ ಬೇರೆಯವರ ಹೆಸರು ಕೊಡಬೇಕು, ಇದೇ ಆ ಕಾಲದ ದರ.

ಎರಡನೆಯದು ಟ್ರಂಬೊ ಹಿಡಿದ ದಾರಿ. ಹೆಸರು ಕೊಡಲಿಲ್ಲ, ಹೆಸರಿಲ್ಲದೆ ಬರೆದ. ಬೆಟ್ಟದ ಮಧ್ಯೆ ಇದ್ದ ತೋಟದ ಮನೆಯನ್ನು ಮಾರಿ, 1951ರ ಕೊನೆಯಲ್ಲಿ ಹೆಂಡತಿ, ಮೂವರು ಮಕ್ಕಳೊಂದಿಗೆ ಮೆಕ್ಸಿಕೊ ನಗರಕ್ಕೆ ಹೋದ. ಅಲ್ಲಿ ಜೀವನ ಅಗ್ಗವೆಂದು ಅವನ ಎಣಿಕೆ. ಕೆಲಸ ಸಿಗಲಿಲ್ಲ, ಕೂಡಿಟ್ಟದ್ದು ಕರಗಿತು. 1954ರಲ್ಲಿ ಮತ್ತೆ ಲಾಸ್ ಏಂಜಲೀಸ್‌ಗೆ ಬಂದ. ಆದರೆ ಮೆಕ್ಸಿಕೊದಲ್ಲಿ ಕಂಡ ಗೂಳಿಕಾಳಗದ ನೋಟ ವ್ಯರ್ಥವಾಗಲಿಲ್ಲ. ‘ದಿ ಬ್ರೇವ್ ಒನ್’ ಹುಟ್ಟಿದ್ದು ಅದರಿಂದಲೇ.

ಮುಖವಾಡದ ಮಾರುಕಟ್ಟೆ

ನಟ ತನ್ನ ಮುಖವನ್ನು ಅಡಗಿಸಲಾರ. ಬರಹಗಾರನಿಗೆ ಆ ಒಂದು ಅನುಕೂಲವಿದೆ. ಅವನು ಮಾರುವುದು ಟೈಪ್ ಮಾಡಿದ ಕಾಗದ. ಅದರ ಮೇಲೆ ಯಾರ ಹೆಸರನ್ನಾದರೂ ಬರೆಯಬಹುದು. ಕಪ್ಪುಪಟ್ಟಿಗೆ ಸೇರಿದ ಲೇಖಕರು ಎರಡು ಬಗೆಯಲ್ಲಿ ಬದುಕಿದರು. ಒಂದು, ಕಟ್ಟುಹೆಸರು. ಇನ್ನೊಂದು, ಪಟ್ಟಿಯಲ್ಲಿಲ್ಲದ ಗೆಳೆಯನೊಬ್ಬ ತನ್ನ ಹೆಸರನ್ನು ಎರವಲು ಕೊಡುವುದು. ನಿರ್ಮಾಪಕನಿಗೆ ಬಹಳ ಸಲ ನಿಜ ಗೊತ್ತಿರುತ್ತಿತ್ತು. ಗೊತ್ತಿಲ್ಲದಂತೆ ಇರುವುದಷ್ಟೇ ಅವನ ಕೆಲಸ. ‘ಗೊತ್ತಿದ್ದೂ’ ತೆಗೆದುಕೊಳ್ಳುವುದಿಲ್ಲ ಎಂದು ತಾನೆ ಮಾತು ಕೊಟ್ಟಿದ್ದು?

ಈ ಅಜ್ಞಾನಕ್ಕೆ ಒಳ್ಳೆಯ ಲಾಭವೂ ಇತ್ತು. 75,000 ಡಾಲರ್ ಪಡೆಯುತ್ತಿದ್ದ ಟ್ರಂಬೊ, ಜೈಲಿಗೆ ಹೋಗುವ ಮುನ್ನ ಕಿಂಗ್ ಬ್ರದರ್ಸ್ ಎಂಬ ಸಣ್ಣ ನಿರ್ಮಾಪಕರಿಗೆ ‘ಗನ್ ಕ್ರೇಜಿ’ ಚಿತ್ರಕಥೆ ಬರೆದದ್ದು 3,750 ಡಾಲರಿಗೆ. ಹಳೆಯ ದರದ ಇಪ್ಪತ್ತರಲ್ಲಿ ಒಂದು ಪಾಲು. ಮುಂದೆ ಕೆಲವು ಚಿತ್ರಕಥೆಗಳಿಗೆ ಸಿಕ್ಕಿದ್ದು ಅದಕ್ಕಿಂತಲೂ ಕಡಿಮೆ. ಕೊರತೆಯನ್ನು ತುಂಬಲು ಇದ್ದ ದಾರಿ ಒಂದೇ, ಹೆಚ್ಚು ಬರೆಯುವುದು. ಹಗಲು ರಾತ್ರಿ ಬರೆದ. ಬೆನ್ನು ನೋವಿಗೆ ಬಿಸಿನೀರಿನ ತೊಟ್ಟಿಯೇ ಮೇಜಾಯಿತು. ಸಿಗರೇಟು ಬಾಯಿಯಿಂದ ಇಳಿಯಲಿಲ್ಲ.

ಮನೆಯವರು ತೆತ್ತ ಬೆಲೆ ಬೇರೆಯೇ. ಅಪ್ಪ ಏನು ಕೆಲಸ ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ಮಕ್ಕಳು ಬಾಯಿ ಬಿಡುವಂತಿರಲಿಲ್ಲ. ಅಪ್ಪ ಯಾರೆಂಬುದು ತಿಳಿದುಬಂದ ಮೇಲೆ ಕಿರಿಯ ಮಗಳನ್ನು ಶಾಲೆಯಲ್ಲಿ ಜೊತೆಯ ಮಕ್ಕಳು ದೂರವಿಟ್ಟರು. ದೊಡ್ಡವರ ರಾಜಕೀಯ ಹೀಗೆ ಪ್ರಾಥಮಿಕ ಶಾಲೆಯ ಅಂಗಳಕ್ಕೂ ಇಳಿಯಿತು.

ಎರವಲು ಹೆಸರಿನ ವಿಚಿತ್ರಗಳಲ್ಲಿ ದೊಡ್ಡದು ‘ರೋಮನ್ ಹಾಲಿಡೇ’. ಅರಮನೆಯ ಕಟ್ಟುಪಾಡಿನಿಂದ ತಪ್ಪಿಸಿಕೊಂಡು ಒಂದು ದಿನ ರೋಮ್ ನಗರವನ್ನು ಸಾಮಾನ್ಯಳಂತೆ ಸುತ್ತುವ ರಾಜಕುಮಾರಿ, ಅವಳ ಜೊತೆಯಾಗುವ ಪತ್ರಕರ್ತ. ಆಡ್ರೆ ಹೆಪ್‌ಬರ್ನ್ ಮತ್ತು ಗ್ರೆಗರಿ ಪೆಕ್‌ರ ಈ ಚಿತ್ರವನ್ನು ಬಲ್ಲದ ಸಿನಿಮಾಪ್ರಿಯರು ವಿರಳ. ಕಥೆ ಟ್ರಂಬೊನದು. ಗೆಳೆಯ ಇಯಾನ್ ಮೆಕ್ಲೆಲನ್ ಹಂಟರ್ ತನ್ನ ಹೆಸರಿನಲ್ಲಿ ಅದನ್ನು ಮಾರಿ, ಬಂದ ಹಣವನ್ನು ಟ್ರಂಬೊಗೆ ತಲುಪಿಸಿದ. 1954ರಲ್ಲಿ ಆ ಕಥೆಗೆ ಆಸ್ಕರ್ ಬಂದಾಗ ಪ್ರಶಸ್ತಿ ಸಂದಿದ್ದೂ ಹಂಟರ್ ಹೆಸರಿಗೆ. ಹೆಸರು ಎರವಲು ಕೊಟ್ಟ ಆ ಗೆಳೆಯನೂ ಬಳಿಕ ಕಪ್ಪುಪಟ್ಟಿಗೆ ಸೇರಿದ.

ಇಲ್ಲಿ ನಮಗೆ ವಿರಾಟಪರ್ವ ನೆನಪಾಗದೆ ಇರದು. ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ, ಒಟ್ಟು ಹದಿಮೂರು. ಟ್ರಂಬೊನ ಲೆಕ್ಕವೂ 1947ರಿಂದ 1960ರವರೆಗೆ ಸರಿಯಾಗಿ ಹದಿಮೂರು. ಧರ್ಮರಾಯ ಕಂಕನಾದ, ಭೀಮ ಅಡುಗೆಯವನಾದ, ಅರ್ಜುನ ನಾಟ್ಯ ಕಲಿಸುವ ಬೃಹನ್ನಳೆಯಾದ. ಹೆಸರು ಬದಲಾದರೂ ಕೈಯ ಪಳಗು ಬದಲಾಗಲಿಲ್ಲ. ಬಿಲ್ಲು ಹಿಡಿದ ಕ್ಷಣ ಎದುರಾಳಿಗಳಿಗೆ ಇವನು ಯಾರೆಂದು ಗೊತ್ತಾಯಿತು. ಒಂದು ವ್ಯತ್ಯಾಸವೆಂದರೆ ಪಾಂಡವರು ಗುರುತು ಸಿಕ್ಕೀತೆಂದು ಅಂಜಿದರು. ಟ್ರಂಬೊ, ಗುರುತು ಸಿಗಲಿ ಎಂದೇ ಆಟ ಹೂಡಿದ.

ನಗೆಪಾಟಲಾದ ನಿಯಮ

ರಾಬರ್ಟ್ ರಿಚ್ ಪ್ರಕರಣ ಟ್ರಂಬೊನ ಕೈಗೆ ಸಿಕ್ಕ ಅಸ್ತ್ರ. ಆ ಕಥೆ ನಿಮ್ಮದೆ ಎಂದು ಪತ್ರಕರ್ತರು ಕೇಳಿದರೆ ಆತ ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಬೇರೆ ಯಾವುದೇ ಒಳ್ಳೆಯ ಚಿತ್ರದ ಬಗ್ಗೆ ಕೇಳಿದರೂ ಅದೇ ಉತ್ತರ. ನಾನಿರಬಹುದು, ಪಟ್ಟಿಯಲ್ಲಿರುವ ಮತ್ತೊಬ್ಬ ಗೆಳೆಯನಿರಬಹುದು, ಯಾರು ಬಲ್ಲರು! ಇದರ ಪರಿಣಾಮ ಊಹಿಸಬಹುದು. ಹಾಲಿವುಡ್ಡಿನ ಪ್ರತಿಯೊಂದು ಉತ್ತಮ ಚಿತ್ರದ ಹಿಂದೆಯೂ ಒಬ್ಬ ನಿಷೇಧಿತ ಲೇಖಕ ಇದ್ದಾನೆಂಬ ಗುಮಾನಿ ಹಬ್ಬಿತು. ಸಮಿತಿಯ ಮುಂದೆ ಉತ್ತರ ಕೊಡದೆ ಜೈಲಿಗೆ ಹೋದವನು, ಈಗ ಉತ್ತರ ಕೊಡದೆಯೇ ಪಟ್ಟಿಯನ್ನು ಅಲುಗಾಡಿಸತೊಡಗಿದ.

ಆಸ್ಕರ್ ಪ್ರಶಸ್ತಿ ಕೊಡುವ ಅಕಾಡೆಮಿ ಇದನ್ನು ತಡೆಯಲು 1957ರ ಫೆಬ್ರುವರಿಯಲ್ಲೇ ಒಂದು ನಿಯಮ ಮಾಡಿತ್ತು: ಸಮಿತಿಗೆ ಉತ್ತರಿಸಲು ನಿರಾಕರಿಸಿದವರು ಪ್ರಶಸ್ತಿಗೆ ಅರ್ಹರಲ್ಲ. ಆ ವರ್ಷ ‘ಫ್ರೆಂಡ್ಲಿ ಪರ್ಸುಯೇಷನ್’ ಚಿತ್ರಕಥೆ ನಾಮನಿರ್ದೇಶನ ಪಡೆಯಿತು, ಬರೆದ ಮೈಕೆಲ್ ವಿಲ್ಸನ್ ಮಾತ್ರ ಅನರ್ಹನಾದ. ನಿಯಮ ಜಾರಿಯಾದ ತಿಂಗಳೊಪ್ಪತ್ತಿನಲ್ಲೇ ರಾಬರ್ಟ್ ರಿಚ್ ಹೆಸರಿನಲ್ಲಿ ಟ್ರಂಬೊ ಗೆದ್ದ. ಮರುವರ್ಷ, 1958ರಲ್ಲಿ, ‘ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್’ ಚಿತ್ರಕಥೆಗೆ ಬಂದ ಆಸ್ಕರ್ ಮೂಲ ಕಾದಂಬರಿಕಾರ ಪಿಯರ್ ಬೂಲ್‌ಗೆ ಸಂದಿತು. ಆತ ಫ್ರೆಂಚ್ ಲೇಖಕ. ಇಂಗ್ಲಿಷಿನಲ್ಲಿ ಚಿತ್ರಕಥೆ ಬರೆದವನೇ ಅಲ್ಲ. ನಿಜವಾಗಿ ಬರೆದವರು ಪಟ್ಟಿಯಲ್ಲಿದ್ದ ಕಾರ್ಲ್ ಫೋರ್‌ಮನ್ ಮತ್ತು ಅದೇ ಮೈಕೆಲ್ ವಿಲ್ಸನ್. ಅದರ ಮುಂದಿನ ವರ್ಷ ‘ದಿ ಡಿಫೈಯಂಟ್ ಒನ್ಸ್’ ಚಿತ್ರದ ಸರದಿ. ಅದರ ಇಬ್ಬರು ಲೇಖಕರಲ್ಲಿ ಒಬ್ಬನಾದ ನೆಡ್ರಿಕ್ ಯಂಗ್ ಕಟ್ಟುಹೆಸರಿನಲ್ಲಿ ಬರೆದಿದ್ದ. ಇನ್ನೂ ಎಷ್ಟು ವರ್ಷ ಈ ಪ್ರಹಸನ? 1959ರ ಜನವರಿಯಲ್ಲಿ ಅಕಾಡೆಮಿ ಆ ನಿಯಮವನ್ನು ಕಾರ್ಯಸಾಧ್ಯವಲ್ಲವೆಂದು ಕೈಬಿಟ್ಟಿತು. ತಪ್ಪಾಯಿತೆಂದು ಹೇಳಲಿಲ್ಲ. ನಡೆಸುವುದು ಕಷ್ಟ ಎಂದಿತು, ಅಷ್ಟೇ. ಅದೇ ತಿಂಗಳು ಟ್ರಂಬೊ, ರಾಬರ್ಟ್ ರಿಚ್ ನಾನೇ ಎಂದು ಬಹಿರಂಗವಾಗಿ ಹೇಳಿದ.

ಹೆಸರು ಮರಳಿತು

ಇಷ್ಟಾದರೂ ತೆರೆಯ ಮೇಲೆ ಹೆಸರು ಬಂದಿರಲಿಲ್ಲ. ಆ ಹೊತ್ತಿಗೆ ಟ್ರಂಬೊ ಎರಡು ಭಾರೀ ಚಿತ್ರಗಳಿಗೆ ಬರೆಯುತ್ತಿದ್ದ. ಒಂದು, ನಟ ಕರ್ಕ್ ಡಗ್ಲಾಸ್‌ನ ಸಂಸ್ಥೆ ತೆಗೆಯುತ್ತಿದ್ದ ‘ಸ್ಪಾರ್ಟಕಸ್’. ಅದರ ಮೂಲ ಕಾದಂಬರಿಯ ಕರ್ತೃ ಹೊವರ್ಡ್ ಫಾಸ್ಟ್ ಕೂಡ ಇದೇ ಸಮಿತಿಯ ಕಾರಣದಿಂದ ಜೈಲು ಕಂಡವನು. ಪ್ರಕಾಶಕರು ಹಿಂಜರಿದಾಗ 1951ರಲ್ಲಿ ಕಾದಂಬರಿಯನ್ನು ತಾನೇ ಅಚ್ಚು ಹಾಕಿಸಿದ್ದ. ಚಿತ್ರಕ್ಕೆ ಟ್ರಂಬೊ ‘ಸ್ಯಾಮ್ ಜಾಕ್ಸನ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ. ಇನ್ನೊಂದು, ನಿರ್ದೇಶಕ ಆಟೊ ಪ್ರೆಮಿಂಜರ್‌ನ ‘ಎಕ್ಸೋಡಸ್’.

1960ರ ಜನವರಿಯಲ್ಲಿ ಪ್ರೆಮಿಂಜರ್, ನನ್ನ ಚಿತ್ರದ ಲೇಖಕ ಡಾಲ್ಟನ್ ಟ್ರಂಬೊ, ಅವನ ಹೆಸರೇ ತೆರೆಯ ಮೇಲೆ ಬರುತ್ತದೆ ಎಂದು ಪ್ರಕಟಿಸಿದ. ‘ನ್ಯೂಯಾರ್ಕ್ ಟೈಮ್ಸ್’ ಅದನ್ನು ಮುಖಪುಟದಲ್ಲಿ ಅಚ್ಚು ಮಾಡಿತು. ಆಗಸ್ಟ್‌ನಲ್ಲಿ ‘ಸ್ಪಾರ್ಟಕಸ್’ ವಿತರಿಸುತ್ತಿದ್ದ ಯೂನಿವರ್ಸಲ್ ಸ್ಟುಡಿಯೊ ಕೂಡ ಹಾಗೆಯೇ ಘೋಷಿಸಿತು. ಮೊದಲು ಬಿಡುಗಡೆಯಾದದ್ದು ‘ಸ್ಪಾರ್ಟಕಸ್’, ಅಕ್ಟೋಬರ್‌ನಲ್ಲಿ. ಡಿಸೆಂಬರ್‌ನಲ್ಲಿ ‘ಎಕ್ಸೋಡಸ್’ ಬಂತು. ಕಪ್ಪುಪಟ್ಟಿಯನ್ನು ಮೊದಲು ಮುರಿದವರು ಯಾರು, ಡಗ್ಲಾಸೊ ಪ್ರೆಮಿಂಜರನೊ, ಎಂಬ ಜಗಳ ಅಂದಿನಿಂದ ನಿಂತಿಲ್ಲ. ಡಗ್ಲಾಸ್ 2012ರಲ್ಲಿ ಈ ಕುರಿತು ಒಂದು ಪುಸ್ತಕವನ್ನೇ ಬರೆದ. ಇಬ್ಬರೂ ಧೈರ್ಯ ತೋರಿದ್ದು ನಿಜ. ಆದರೆ ಅವರು ತಳ್ಳಿದ ಬಾಗಿಲಿನ ತಿರುಗಣಿಯನ್ನು ಅನಾಮಧೇಯ ಲೇಖಕರು ಹತ್ತು ವರ್ಷ ಸವೆಸಿ ಸಡಿಲಗೊಳಿಸಿದ್ದರು ಎಂಬುದನ್ನು ಮರೆಯಲಾಗದು.

‘ಸ್ಪಾರ್ಟಕಸ್’ನ ಪ್ರಸಿದ್ಧ ದೃಶ್ಯವೊಂದಿದೆ. ಸೋತು ಸೆರೆಯಾದ ಗುಲಾಮರಿಗೆ ರೋಮನ್ನರು ಒಂದು ಅವಕಾಶ ಕೊಡುತ್ತಾರೆ: ನಿಮ್ಮಲ್ಲಿ ಸ್ಪಾರ್ಟಕಸ್ ಯಾರು ತೋರಿಸಿ, ಶಿಲುಬೆಯಿಂದ ಪಾರಾಗುತ್ತೀರಿ. ಸ್ಪಾರ್ಟಕಸ್ ಬಾಯಿ ತೆರೆಯುವ ಮೊದಲೇ ಪಕ್ಕದವನು ಎದ್ದು ನಾನೇ ಸ್ಪಾರ್ಟಕಸ್ ಎನ್ನುತ್ತಾನೆ. ಆಮೇಲೆ ಮತ್ತೊಬ್ಬ, ಮಗುದೊಬ್ಬ. ಬಯಲೆಲ್ಲ ಅದೇ ಕೂಗು. ಒಂದು ಹೆಸರನ್ನು ತೋರಿಸಿಕೊಟ್ಟು ಬದುಕಿಕೊಳ್ಳಿ ಎಂಬ ಕರೆಯನ್ನು ಕೇಳಿದ್ದ ತಲೆಮಾರಿಗೆ ಆ ದೃಶ್ಯದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮಾಜಿ ಸೈನಿಕರ ಸಂಘಟನೆಯಾದ ಅಮೆರಿಕನ್ ಲೀಜನ್ ಚಿತ್ರದ ವಿರುದ್ಧ ಪ್ರತಿಭಟಿಸಿತು. 1961ರ ಫೆಬ್ರುವರಿಯಲ್ಲಿ, ಆಗಷ್ಟೇ ಅಧ್ಯಕ್ಷನಾಗಿದ್ದ ಜಾನ್ ಕೆನಡಿ ವಾಷಿಂಗ್ಟನ್‌ನ ಚಿತ್ರಮಂದಿರಕ್ಕೆ ಹೋಗಿ ಅದನ್ನು ನೋಡಿಬಂದ. ಚಿತ್ರ ಚೆನ್ನಾಗಿ ಓಡಿತು. ಟ್ರಂಬೊನ ಹೆಸರು ಹಾಕಿದರೆ ನಿರ್ಮಾಪಕ ಮುಳುಗುತ್ತಾನೆ ಎಂಬ ಹದಿಮೂರು ವರ್ಷದ ಭಯ ಟಿಕೆಟ್ ಕಿಟಕಿಯ ಮುಂದೆ ಸುಳ್ಳಾಯಿತು. ಮುಂದೆ ‘ಲೋನ್ಲಿ ಆರ್ ದಿ ಬ್ರೇವ್’, ‘ಹವಾಯಿ’, ‘ಪ್ಯಾಪಿಯೋನ್’ ಮೊದಲಾದ ಚಿತ್ರಗಳು ಅವನ ಹೆಸರಿನಲ್ಲೇ ಬಂದವು. 1971ರಲ್ಲಿ ‘ಜಾನಿ ಗಾಟ್ ಹಿಸ್ ಗನ್’ ಕಾದಂಬರಿಯನ್ನು ತಾನೇ ನಿರ್ದೇಶಿಸಿದ.

ಮರಳದವರು

ಟ್ರಂಬೊನನ್ನು ಸಂತನೆಂದು ಬಗೆಯುವ ಅಗತ್ಯವಿಲ್ಲ. ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡಿದ ಮೇಲೆ, ಯುದ್ಧವಿರೋಧಿಯಾದ ತನ್ನ ಕಾದಂಬರಿ ಮರುಮುದ್ರಣವಾಗದೆ ಉಳಿಯುವುದಕ್ಕೆ ಅವನ ಸಮ್ಮತಿಯೇ ಇತ್ತು. ಅದು ಬೇಕೆಂದು ಪತ್ರ ಬರೆದವರಲ್ಲಿ ಹಿಟ್ಲರನ ಪರ ಒಲವುಳ್ಳವರಿದ್ದಾರೆಂದು ತಿಳಿದು, ಅವರ ಬಗ್ಗೆ ಗುಪ್ತಚರ ಸಂಸ್ಥೆ ಎಫ್‌ಬಿಐಗೆ ತಾನೇ ಸುದ್ದಿ ಮುಟ್ಟಿಸಿದ. ಮನೆಗೆ ಬಂದ ಅಧಿಕಾರಿಗಳಿಗೆ ಆ ಪತ್ರಗಳಿಗಿಂತ ಟ್ರಂಬೊನ ವಿಚಾರಗಳ ಮೇಲೇ ಹೆಚ್ಚು ಆಸಕ್ತಿ ಇದ್ದಂತಿತ್ತು. ತನ್ನ ಈ ತಪ್ಪನ್ನು ಆತ ಬಳಿಕ ಕಾದಂಬರಿಯ ಮುನ್ನುಡಿಯಲ್ಲಿ ತಾನೇ ಬರೆದುಕೊಂಡಿದ್ದಾನೆ. ಹೆಸರು ಹೇಳುವುದರ ರುಚಿ ಅವನಿಗೆ ಪೂರಾ ಅಪರಿಚಿತವಾಗಿರಲಿಲ್ಲ.

1970ರಲ್ಲಿ ಚಿತ್ರಕಥೆಗಾರರ ಸಂಘ ಅವನಿಗೆ ಗೌರವ ಪ್ರಶಸ್ತಿ ಕೊಟ್ಟಾಗ ಮಾಡಿದ ಭಾಷಣಕ್ಕೆ ಬಹುಶಃ ಇದೂ ಒಂದು ಹಿನ್ನೆಲೆ. ಆ ಕಾಲದಲ್ಲಿ ಖಳರನ್ನಾಗಲಿ ವೀರರನ್ನಾಗಲಿ ಹುಡುಕುವುದರಿಂದ ಫಲವಿಲ್ಲ, ಇದ್ದದ್ದು ಬಲಿಪಶುಗಳು ಮಾತ್ರ ಎಂಬುದು ಅವನ ಮಾತಿನ ಸಾರ. ಹತ್ತು ಮಂದಿಯಲ್ಲಿ ಒಬ್ಬನಾದ ಆಲ್ಬರ್ಟ್ ಮಾಲ್ಟ್ಸ್ ಇದನ್ನು ಒಪ್ಪಲಿಲ್ಲ. ಗೆಳೆಯರ ಹೆಸರು ಹೇಳಿ ಉಳಿದುಕೊಂಡವನನ್ನೂ ಹೇಳದೆ ಸರ್ವಸ್ವ ಕಳೆದುಕೊಂಡವನನ್ನೂ ಒಂದೇ ತಕ್ಕಡಿಯಲ್ಲಿ ಹೇಗೆ ತೂಗುವುದು ಎಂಬುದು ಅವನ ಆಕ್ಷೇಪ. ಈ ವಾದ ಇಂದಿಗೂ ತೀರಿಲ್ಲ. ಗೆದ್ದು ಬಂದವನಿಗೆ ಕ್ಷಮೆ ಸುಲಭ; ಮರಳಲಾಗದವರ ಪರವಾಗಿ ಕ್ಷಮಿಸುವ ಹಕ್ಕು ಅವನಿಗಿದೆಯೆ ಎಂಬ ಪ್ರಶ್ನೆ ಉಳಿಯುತ್ತದೆ.

ಮರಳಲಾಗದವರು ಅನೇಕರು. ನಟ ಜಾನ್ ಗಾರ್‌ಫೀಲ್ಡ್ ಸಮಿತಿಯ ಕಾಟದ ನಡುವೆಯೇ 1952ರಲ್ಲಿ ಹೃದಯಾಘಾತದಿಂದ ಸತ್ತ. ಆಗ ಅವನಿಗೆ 39 ವರ್ಷ. ಪೋಷಕ ನಟಿಗೆ ಕೊಡುವ ಆಸ್ಕರ್ ಪ್ರಶಸ್ತಿಯನ್ನು ಮೊಟ್ಟಮೊದಲು ಪಡೆದ ಗೇಲ್ ಸಾಂಡರ್‌ಗಾರ್ಡ್ ಸುಮಾರು ಇಪ್ಪತ್ತು ವರ್ಷ ತೆರೆಯಿಂದ ದೂರ ಉಳಿದಳು. ಕಲಾವಿದೆಯ ಬಾಳಿನಲ್ಲಿ ಕಳೆದುಹೋದ ಇಪ್ಪತ್ತು ವರ್ಷಗಳನ್ನು ಯಾವ ಸಂಸ್ಥೆ ವಾಪಸು ಕೊಟ್ಟೀತು? ಮುಖಕ್ಕೆ ಕಟ್ಟುಹೆಸರಿಲ್ಲ.

ಹೆಸರುಗಳಾದರೂ ಬಂದದ್ದು ಬಹಳ ನಿಧಾನವಾಗಿ. ‘ದಿ ಬ್ರೇವ್ ಒನ್’ ಚಿತ್ರದ ಪ್ರತಿಮೆಯನ್ನು ಅಕಾಡೆಮಿ ಟ್ರಂಬೊನ ಕೈಗೆ ಕೊಟ್ಟದ್ದು 1975ರಲ್ಲಿ, ಹದಿನೆಂಟು ವರ್ಷ ತಡವಾಗಿ. ಮರುವರ್ಷ, 1976ರ ಸೆಪ್ಟೆಂಬರ್ 10ರಂದು ಆತ ತೀರಿಕೊಂಡ. ‘ಕ್ವಾಯ್’ ಚಿತ್ರಕಥೆಗೆ ಫೋರ್‌ಮನ್ ಮತ್ತು ವಿಲ್ಸನ್‌ರ ಹೆಸರಿಗೆ ಪ್ರಶಸ್ತಿ ಸಂದಾಗ ಇಬ್ಬರೂ ಬದುಕಿರಲಿಲ್ಲ. ‘ರೋಮನ್ ಹಾಲಿಡೇ’ ಕಥೆಯ ಆಸ್ಕರ್ 1993ರಲ್ಲಿ ಟ್ರಂಬೊನ ಹೆಂಡತಿ ಕ್ಲಿಯೊಳ ಕೈ ಸೇರಿತು.

ಕೊನೆಯ ಲೆಕ್ಕ ಚುಕ್ತಾ ಆದದ್ದು 2011ರ ಡಿಸೆಂಬರ್‌ನಲ್ಲಿ. ಟ್ರಂಬೊನ ಮಗ ಕ್ರಿಸ್ಟೋಫರ್, ಹಂಟರ್‌ನ ಮಗ ಟಿಮ್ ಇಬ್ಬರೂ ಕೂಡಿ ‘ರೋಮನ್ ಹಾಲಿಡೇ’ ಬರೆದವರ ಹೆಸರನ್ನು ಸರಿಪಡಿಸಬೇಕೆಂದು ಚಿತ್ರಕಥೆಗಾರರ ಸಂಘವನ್ನು ಕೇಳಿದ್ದರು. ಒಬ್ಬನ ತಂದೆ ಹೆಸರು ಕಳೆದುಕೊಂಡವನು, ಇನ್ನೊಬ್ಬನ ತಂದೆ ಹೆಸರು ಎರವಲು ಕೊಟ್ಟವನು. ಸಂಘ ಒಪ್ಪಿತು. ಕಥೆ ಡಾಲ್ಟನ್ ಟ್ರಂಬೊ. ಚಿತ್ರಕಥೆ ಟ್ರಂಬೊ, ಹಂಟರ್ ಮತ್ತು ಜಾನ್ ಡೈಟನ್ ಎಂದು ದಾಖಲೆ ತಿದ್ದಿತು. ಚಿತ್ರ ಬಿಡುಗಡೆಯಾಗಿ ಆಗ 58 ವರ್ಷಗಳಾಗಿದ್ದವು. ಅದೇ ವರ್ಷದ ಆರಂಭದಲ್ಲಿ ಕ್ರಿಸ್ಟೋಫರ್ ಕೂಡ ತೀರಿಕೊಂಡಿದ್ದ.